ಊರು ಬಿಟ್ಟು ಹೋಗದ ಎಂಜಿನ್

ಮನೆಗೂ ಕಚೇರಿಗೂ ನಾಲ್ಕು ಸಲ ಅಲೆದವರು ‘ಬೆಳಗಿನಿಂದ ಬರೀ ಶಂಟಿಂಗ್ ಹೊಡೆದದ್ದೇ ಆಯಿತು’ ಎನ್ನುವುದುಂಟು. ದೂರ ಎಲ್ಲೂ ಹೋಗದೆ ಇದ್ದಲ್ಲೇ ಹಿಂದೆ ಮುಂದೆ ಓಡಾಡಿ ದಣಿಯುವುದಕ್ಕೆ ಜನ ರೈಲಿನಿಂದ ಎರವಲು ಪಡೆದ ಮಾತು ಅದು. ರೈಲಿನವರ ಭಾಷೆಯಲ್ಲಿ ಶಂಟಿಂಗ್ ಎಂದರೆ ಬೋಗಿಗಳನ್ನೂ ವ್ಯಾಗನ್ನುಗಳನ್ನೂ ಒಂದು ಹಳಿಯಿಂದ ಇನ್ನೊಂದು ಹಳಿಗೆ ಸಾಗಿಸಿ, ಬಿಡಿಸಿ, ಬೇಕಾದ ಕ್ರಮದಲ್ಲಿ ಮತ್ತೆ ಜೋಡಿಸುವ ಕೆಲಸ. ಈ ಕೆಲಸ ಆಗದೆ ಯಾವ ರೈಲೂ ಹೊರಡುತ್ತಿರಲಿಲ್ಲ. ಆದರೂ ರೈಲಿನ ಚರಿತ್ರೆ ಬರೆದವರು ಹೆಚ್ಚಾಗಿ ಮೇಲ್ ಎಳೆದ ಎಂಜಿನ್ನಿನ ವೇಗವನ್ನು ಬರೆದರು, ಮಹಾರಾಜರ ಸಲೂನಿನ ಸೊಗಸನ್ನು ಬರೆದರು. ಯಾರ್ಡಿನಲ್ಲೇ ಹುಟ್ಟಿ ಯಾರ್ಡಿನಲ್ಲೇ ಸವೆದ ಶಂಟಿಂಗ್ ಎಂಜಿನ್ನಿಗೆ ಆ ಚರಿತ್ರೆಯಲ್ಲಿ ಸಿಕ್ಕಿದ್ದು ಒಂದೆರಡು ಸಾಲು ಮಾತ್ರ.

ತುಮಕೂರು ಜಿಲ್ಲೆಯ ಮೂರು ಊರುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ಕೆಲಸದ ಹುಟ್ಟು, ಬಾಳು, ಕೊನೆ ಮೂರೂ ತಿಳಿಯುತ್ತವೆ. ಉಗಿಬಂಡಿ ಒಂದೇ ವರ್ಷದಲ್ಲಿ ತುಮಕೂರಿಗೂ ಗುಬ್ಬಿಗೂ ಬಂತು. ಕುಣಿಗಲ್ಲಿಗೆ ಅದು ಬರಲೇ ಇಲ್ಲ.

ಹಳಿ ಮುಗಿದಲ್ಲಿ ಹುಟ್ಟಿದ ಕೆಲಸ

ಮದರಾಸಿನ ಕಡೆಯಿಂದ ಬ್ರಾಡ್ ಗೇಜ್ ರೈಲು ಬೆಂಗಳೂರಿನ ದಂಡು ಪ್ರದೇಶಕ್ಕೆ 1864ರಲ್ಲೇ ಬಂದಿತ್ತು. ಮೈಸೂರು ಸಂಸ್ಥಾನ ತನ್ನದೇ ರೈಲುದಾರಿ ಹಾಕಲು ಹೊರಟಾಗ ಆರಿಸಿಕೊಂಡದ್ದು ಅಗಲ ಕಡಿಮೆಯ, ಖರ್ಚೂ ಕಡಿಮೆಯ ಮೀಟರ್ ಗೇಜನ್ನು. ಬ್ರಾಡ್ ಗೇಜಿನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. ಮೀಟರ್ ಗೇಜಿನಲ್ಲಿ ಸರಿಯಾಗಿ 1000. 1876–78ರ ಮಹಾಕ್ಷಾಮದ ನಂತರ, ಬರ ಬಂದಾಗ ಧಾನ್ಯ ಸಾಗಿಸಲು ರೈಲೇ ದಾರಿ ಎಂಬ ಅರಿವು ಆಡಳಿತಕ್ಕೆ ಗಟ್ಟಿಯಾಗಿತ್ತು. ಬೆಂಗಳೂರು–ಮೈಸೂರು ಮಾರ್ಗ 1882ರಲ್ಲಿ ಮುಗಿಯಿತು. ಬಳಿಕ ವಾಯವ್ಯ ದಿಕ್ಕಿಗೆ ತಿರುಗಿದ ಕಾಮಗಾರಿ 1884ರಲ್ಲಿ ತುಮಕೂರನ್ನೂ ಅದೇ ವರ್ಷ ಗುಬ್ಬಿಯನ್ನೂ ಮುಟ್ಟಿತು. 1886ರಲ್ಲಿ ಸಂಸ್ಥಾನದ ರೈಲುಗಳ ನಿರ್ವಹಣೆ ಸದರ್ನ್ ಮರಾಠಾ ರೈಲ್ವೆ ಕಂಪೆನಿಯ ಕೈಗೆ ಹೋಯಿತು. 1889ರ ಹೊತ್ತಿಗೆ ಹಳಿ ಹರಿಹರದವರೆಗೆ ಬೆಳೆದಿತ್ತು.

ಹೀಗಾಗಿ ಕೆಲವು ವರ್ಷ ಗುಬ್ಬಿ ರೈಲಿನ ಕೊನೆಯ ನಿಲ್ದಾಣವಾಗಿತ್ತು. ಕೊನೆಯ ನಿಲ್ದಾಣವೆಂದರೆ ಶಂಟಿಂಗ್ ತಪ್ಪದ ಜಾಗ. ಬೆಂಗಳೂರಿನಿಂದ ಬಂದ ಗಾಡಿಯ ಎಂಜಿನ್ ಮುಂದುಗಡೆ ಇರುತ್ತದೆ. ಅದೇ ಗಾಡಿ ಹಿಂದಿರುಗಬೇಕಾದರೆ ಎಂಜಿನ್ ಕಳಚಿಕೊಂಡು, ಪಕ್ಕದ ಹಳಿಯಲ್ಲಿ ಬಳಸಿ ಬಂದು, ಇನ್ನೊಂದು ತುದಿಗೆ ಸೇರಿಕೊಳ್ಳಬೇಕು. ನೊಗ ಒಂದೇ ಕಡೆ ಇರುವ ಎತ್ತಿನ ಗಾಡಿಯನ್ನು ಇಕ್ಕಟ್ಟಾದ ಓಣಿಯಲ್ಲಿ ತಿರುಗಿಸಬೇಕಾದ ರೈತನ ಕಷ್ಟವೇ ಇಲ್ಲಿಯೂ.

ಗುಬ್ಬಿ ರೈಲಿಗಿಂತ ಎಷ್ಟೋ ಹಿಂದಿನಿಂದ ವ್ಯಾಪಾರದ ಊರು. 1800ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಅದನ್ನು ದೊಡ್ಡ ಸಂತೆಯ ಊರೆಂದು ಗುರುತಿಸಿದ್ದ. ಇಂಥ ಊರಿಗೆ ಬರುವ ಗೂಡ್ಸ್ ಗಾಡಿಯಲ್ಲಿ ಆ ಊರಿನ ಪಾಲು ಒಂದೋ ಎರಡೋ ವ್ಯಾಗನ್. ಅವು ಗಾಡಿಯ ನಡುವಿನಲ್ಲಿದ್ದರೆ ಮುಂದಿನ ಭಾಗವನ್ನು ಕಳಚಿ, ಬೇಕಾದ ವ್ಯಾಗನ್ನನ್ನು ಗೂಡ್ಸ್ ಶೆಡ್ಡಿನ ಹಳಿಗೆ ತಳ್ಳಿ, ಅಲ್ಲಿ ತುಂಬಿ ನಿಂತ ವ್ಯಾಗನ್ನನ್ನು ಎಳೆದುಕೊಂಡು ಬಂದು ಮತ್ತೆ ಗಾಡಿಯನ್ನು ಕಟ್ಟಬೇಕು. ಚಿಕ್ಕ ಊರುಗಳಲ್ಲಿ ಈ ಕೆಲಸವನ್ನು ಗಾಡಿ ಎಳೆದು ತಂದ ಎಂಜಿನ್ನೇ ಮಾಡಿಕೊಳ್ಳುತ್ತಿತ್ತು. ಒಂದೇ ವ್ಯಾಗನ್ ಆದರೆ ಆಳುಗಳೇ ಹೆಗಲು ಕೊಟ್ಟು ತಳ್ಳುವುದೂ ಇತ್ತು. ನೂರಾರು ವ್ಯಾಗನ್ನುಗಳು ದಿನವಿಡೀ ಬಂದು ಹೋಗುವ ದೊಡ್ಡ ಯಾರ್ಡಿನಲ್ಲಿ ಮಾತ್ರ ಇದಕ್ಕೆಂದೇ ಎಂಜಿನ್ ಇಡಬೇಕಾಗುತ್ತಿತ್ತು.

ಮೀಟರ್ ಗೇಜಿನ ದಾರಿಗೆ ಇನ್ನೊಂದು ತೊಡಕೂ ಇತ್ತು. ತಿಪಟೂರಿನ ಕೊಬ್ಬರಿಯನ್ನು ಬ್ರಾಡ್ ಗೇಜ್ ದಾರಿಯ ಊರಿಗೆ ಕಳಿಸಬೇಕಾದರೆ ಗೇಜ್ ಬದಲಾಗುವಲ್ಲಿ ಮೂಟೆಗಳನ್ನೆಲ್ಲ ಇಳಿಸಿ ಇನ್ನೊಂದು ಗಾಡಿಗೆ ಏರಿಸಬೇಕಾಗುತ್ತಿತ್ತು. ಎರಡು ಗೇಜುಗಳ ವ್ಯಾಗನ್ನುಗಳನ್ನು ಅಕ್ಕಪಕ್ಕ ತಂದು ನಿಲ್ಲಿಸುವುದು, ಖಾಲಿಯಾದದ್ದನ್ನು ತೆಗೆದು ಇನ್ನೊಂದನ್ನು ತಂದಿಡುವುದು ಮತ್ತೆ ಶಂಟಿಂಗ್ ಎಂಜಿನ್ನಿನ ಪಾಲಿಗೇ ಬರುತ್ತಿತ್ತು.

ಗುಬ್ಬಿಗೆ ರೈಲು ಬಂದ 1884ರಲ್ಲೇ ಆ ಊರಿನ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದ ಚನ್ನಬಸವೇಶ್ವರ ನಾಟಕ ಸಂಘವೂ ಹುಟ್ಟಿತು. ಮುಂದೆ ವೀರಣ್ಣನವರ ಕಾಲದಲ್ಲಿ ಅದು ‘ಗುಬ್ಬಿ ಕಂಪೆನಿ’ ಎಂದೇ ಪ್ರಸಿದ್ಧವಾಯಿತು. ನಾಟಕದಲ್ಲಿ ಪರದೆ ಎಳೆಯುವವನು, ಸೀನು ಬದಲಿಸುವವನು ಪ್ರೇಕ್ಷಕರಿಗೆ ಕಾಣುವುದಿಲ್ಲ. ಅವನು ಒಂದು ಕ್ಷಣ ತಡಮಾಡಿದರೆ ಅರಮನೆಯ ಸೀನಿನಲ್ಲಿ ಕಾಡು ನಿಂತುಬಿಡುತ್ತದೆ. ರೈಲ್ವೆಯಲ್ಲಿ ಶಂಟಿಂಗಿನವರ ಸ್ಥಾನವೂ ಅಂಥದ್ದೇ.

ಕುದುರೆ ಮಾಡುತ್ತಿದ್ದ ಕೆಲಸ

ಉಗಿಯೆಂಜಿನ್ ಬರುವ ಮೊದಲೇ ಹಳಿಗಳಿದ್ದವು, ಅವುಗಳ ಮೇಲೆ ಬಂಡಿಗಳನ್ನು ಎಳೆಯುತ್ತಿದ್ದದ್ದು ಕುದುರೆ. ದೂರದ ಪ್ರಯಾಣವನ್ನು ಎಂಜಿನ್ ವಹಿಸಿಕೊಂಡ ಮೇಲೂ ಯುರೋಪಿನ ಯಾರ್ಡುಗಳಲ್ಲಿ ಬಿಡಿ ಬಂಡಿಗಳನ್ನು ಆಚೀಚೆ ಮಾಡಲು ಕುದುರೆಗಳು ಉಳಿದುಕೊಂಡವು. ಒಂದೆರಡು ಬಂಡಿ ಸರಿಸಲು ಎಂಜಿನ್ನಿಗೆ ಬೆಂಕಿ ಹಾಕುವುದಕ್ಕಿಂತ ಕುದುರೆಗೆ ಹುಲ್ಲು ಹಾಕುವುದು ಅಗ್ಗವಾಗಿತ್ತು.

ಬ್ರಿಟನ್ನಿನ ರೈಲ್ವೆಯಲ್ಲಿ ಶಂಟಿಂಗ್ ಮಾಡಿದ ಕೊನೆಯ ಕುದುರೆಯ ಹೆಸರು ಚಾರ್ಲಿ. ಅದು 1967ರ ಫೆಬ್ರುವರಿಯಲ್ಲಿ ಕೆಲಸದಿಂದ ನಿವೃತ್ತಿ ಹೊಂದಿತು. ಅದು ದುಡಿಯುತ್ತಿದ್ದ ನ್ಯೂಮಾರ್ಕೆಟ್, ರೇಸ್ ಕುದುರೆಗಳಿಗೆ ಹೆಸರಾದ ಊರು. ರೈಲಿನಲ್ಲಿ ಬಂದು ಹೋಗುವ ರೇಸ್ ಕುದುರೆಗಳ ಬಂಡಿಗಳನ್ನು ಎಳೆದು ಸರಿಸುತ್ತಿದ್ದದ್ದು ಇನ್ನೊಂದು ಕುದುರೆ ಎಂಬುದು ಸ್ವಾರಸ್ಯದ ಸಂಗತಿ.

ಕುಣಿಗಲ್ಲಿನವರಿಗೆ ಈ ಸ್ವಾರಸ್ಯ ಬೇಗ ಅರ್ಥವಾದೀತು. ಟಿಪ್ಪು ಸುಲ್ತಾನನ ಕಾಲದ ಅಶ್ವದಳದ ನೆನಪಿನೊಂದಿಗೆ ಬೆಸೆದುಕೊಂಡ ಕುದುರೆ ಫಾರಂ ಆ ಊರಿನ ಗುರುತು. ಇಷ್ಟು ಹೆಸರಾದ ಊರಿಗೆ ರೈಲು ಬರಲು 2017ರವರೆಗೆ ಕಾಯಬೇಕಾಯಿತು. ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳಗಳ ಮೇಲೆ ಹಾಸನಕ್ಕೆ ಹೋಗುವ ನೇರ ಮಾರ್ಗ ಆ ವರ್ಷ ಪೂರ್ತಿಯಾಯಿತು. ಗುಬ್ಬಿಯವರು ಉಗಿಬಂಡಿ ಕಂಡ 133 ವರ್ಷಗಳ ಮೇಲೆ ಕುಣಿಗಲ್ಲಿಗೆ ರೈಲು ಬಂದಾಗ ಉಗಿಯ ಕಾಲವೂ ಮೀಟರ್ ಗೇಜಿನ ಕಾಲವೂ ಮುಗಿದುಹೋಗಿದ್ದವು.

ಗಿಡ್ಡ ಚಕ್ರ, ದೊಡ್ಡ ಬಲ

ಶಂಟಿಂಗಿಗೆಂದೇ ಮಾಡಿದ ಉಗಿಯೆಂಜಿನ್ನನ್ನು ಗುರುತಿಸುವುದು ಸುಲಭ. ಮೊದಲು ನೋಡಬೇಕಾದದ್ದು ಚಕ್ರ. ಸಿಲಿಂಡರಿನಲ್ಲಿ ಉಗಿ ಕೊಂತವನ್ನು ಒಂದು ಸಲ ಆಚೆಗೆ, ಒಂದು ಸಲ ಈಚೆಗೆ ತಳ್ಳಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಚಕ್ರ ದೊಡ್ಡದಿದ್ದರೆ ಆ ಒಂದು ಸುತ್ತಿನಲ್ಲಿ ಎಂಜಿನ್ ಹೆಚ್ಚು ದೂರ ಹೋಗುತ್ತದೆ, ಆದರೆ ಎಳೆಯುವ ಬಲ ಕಡಿಮೆ. ಚಕ್ರ ಚಿಕ್ಕದಿದ್ದರೆ ದೂರ ಕಡಿಮೆ, ಬಲ ಹೆಚ್ಚು. ಸ್ವಾತಂತ್ರ್ಯಾನಂತರ ನಮ್ಮ ಮೀಟರ್ ಗೇಜಿನಲ್ಲಿ ಪ್ರಯಾಣಿಕರ ಗಾಡಿಗೆಂದು ಬಂದ ವೈಪಿ ಎಂಜಿನ್ನಿನ ಚಾಲಕ ಚಕ್ರದ ವ್ಯಾಸ 1372 ಮಿಲಿಮೀಟರ್. ಗೂಡ್ಸ್ ಗಾಡಿಗೆಂದು ಬಂದ ವೈಜಿ ಎಂಜಿನ್ನಿನದು 1219. ಶಂಟಿಂಗ್ ಎಂಜಿನ್ನಿಗೆ ವೇಗದ ಗೊಡವೆಯೇ ಇಲ್ಲ; ಅದಕ್ಕೆ ಬೇಕಾದದ್ದು ನಿಂತ ಭಾರವನ್ನು ಕದಲಿಸುವ ಬಲ.

ಎರಡನೆಯದು ನೀರಿನ ತೊಟ್ಟಿ. ದೂರ ಹೋಗುವ ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊತ್ತ ಟೆಂಡರ್ ಎಂಬ ಬೇರೆ ಬಂಡಿ ಇರುತ್ತದೆ. ಶಂಟಿಂಗಿಗೆ ಒಗ್ಗುವುದು ಟ್ಯಾಂಕ್ ಎಂಜಿನ್. ಇದರಲ್ಲಿ ನೀರಿನ ತೊಟ್ಟಿ ಬಾಯ್ಲರಿನ ಎರಡು ಮಗ್ಗುಲಲ್ಲೋ ಬೆನ್ನ ಮೇಲೋ ಕೂತಿರುತ್ತದೆ. ಇದರಿಂದ ಲಾಭ ಎರಡು. ನೀರಿನ ಭಾರವೆಲ್ಲ ಎಳೆಯುವ ಚಕ್ರಗಳ ಮೇಲೆ ಬಿದ್ದು ಹಳಿಯ ಮೇಲೆ ಹಿಡಿತ ಸಿಗುತ್ತದೆ. ಹಿಂದೆ ಟೆಂಡರ್ ಇಲ್ಲವಾದ್ದರಿಂದ ಡ್ರೈವರಿಗೆ ಹಿಂದಿನ ದಾರಿಯೂ ಕಾಣುತ್ತದೆ. ತೊಟ್ಟಿ ಚಿಕ್ಕದು, ನೀರು ಬೇಗ ಮುಗಿಯುತ್ತದೆ ನಿಜ. ಯಾರ್ಡಿನಲ್ಲಿ ನೀರಿನ ಕಂಬ ಹತ್ತಿರದಲ್ಲೇ ಇರುವುದರಿಂದ ಅದು ಕೊರತೆಯಲ್ಲ.

ಮೂರನೆಯದು ಡ್ರೈವರನ ಕೈಯಲ್ಲಿರುವ ಸಲಕರಣೆ. ದೂರ ಓಡುವ ದೊಡ್ಡ ಎಂಜಿನ್ನಿನಲ್ಲಿ ದಿಕ್ಕು ಬದಲಿಸಲು ತಿರುಪಿನ ಚಕ್ರವನ್ನು ಹಲವು ಸುತ್ತು ತಿರುಗಿಸಬೇಕಾಗಬಹುದು. ದಿನಕ್ಕೆ ಒಂದೆರಡು ಸಲವಾದರೆ ತೊಂದರೆಯಿಲ್ಲ. ಎರಡು ನಿಮಿಷಕ್ಕೊಮ್ಮೆ ಹಿಂದೆ ಮುಂದೆ ಹೋಗಬೇಕಾದಲ್ಲಿ ಅದು ಆಗದ ಮಾತು. ಶಂಟಿಂಗ್ ಎಂಜಿನ್ನಿಗೆ ಒಂದೇ ಎಳೆತಕ್ಕೆ ದಿಕ್ಕು ಬದಲಿಸುವ ಉದ್ದನೆಯ ಹಿಡಿ ಹೆಚ್ಚು ಅನುಕೂಲ.

ಇಂಥ ಎಂಜಿನ್ನು ಎಲ್ಲ ಯಾರ್ಡಿಗೂ ಸಿಗುತ್ತಿರಲಿಲ್ಲ. ಮುದಿ ಎತ್ತನ್ನು ಗಾಣಕ್ಕೆ ಕಟ್ಟುವ ಹಾಗೆ, ದೂರದ ಓಟಕ್ಕೆ ಶಕ್ತಿ ಸಾಲದ ಹಳೆಯ ಎಂಜಿನ್ನನ್ನು ಶಂಟಿಂಗಿಗೆ ಹಚ್ಚುವುದು ರೈಲ್ವೆಗಳ ವಾಡಿಕೆ. ಒಂದು ಕಾಲಕ್ಕೆ ಹೆಸರಾಂತ ಗಾಡಿಗಳನ್ನು ಎಳೆದವೂ ಕೊನೆಗಾಲದಲ್ಲಿ ಯಾರ್ಡಿಗೆ ಬಂದು ಸೇರುತ್ತಿದ್ದವು. ಗುಜರಿಗೆ ಹೋಗುವ ಮುನ್ನ ಅವುಗಳ ಕೊನೆಯ ಕೆಲಸ ಅದೇ.

ಬಾವುಟದ ಭಾಷೆ

ಶಂಟಿಂಗ್ ಎಂಜಿನ್ನಿನ ಡ್ರೈವರಿಗೆ ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸದು. ಅನೇಕ ವೇಳೆ ಗಾಡಿಯ ಆಚೆ ತುದಿಯೂ ಕಾಣದು. ಕೆಳಗೆ ನಿಂತ ಶಂಟಿಂಗ್ ಸಿಬ್ಬಂದಿ, ಪಾಯಿಂಟ್ಸ್‌ಮನ್ ತೋರಿಸುವ ಸನ್ನೆಯೇ ಅವನಿಗೆ ಕಣ್ಣು. ಹಸಿರು ಬಾವುಟವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ‘ನನ್ನಿಂದ ದೂರ ಹೋಗು’ ಎಂದು ಅರ್ಥ. ಮೈಯ ಮುಂದೆ ಎಡಕ್ಕೂ ಬಲಕ್ಕೂ ಆಡಿಸಿದರೆ ‘ನನ್ನ ಕಡೆ ಬಾ’. ಕೆಂಪು ಕಂಡರೆ ನಿಲ್ಲು. ಬಾವುಟ ಇಲ್ಲದಿದ್ದರೆ ಎರಡೂ ಕೈ ತಲೆಯ ಮೇಲೆತ್ತಿ ನಿಲ್ಲಿಸಬೇಕು. ರಾತ್ರಿ ಬಾವುಟದ ಬದಲು ದೀಪ.

ಎಂಜಿನ್ ಬಂದು ತಾಗಿದ ಮೇಲೆ ಕೊಂಡಿ ಹಾಕಬೇಕು. ಬ್ರಾಡ್ ಗೇಜಿನ ಹಳೆಯ ಬಂಡಿಗಳಿಗೆ ಎರಡು ಬದಿಯಲ್ಲೂ ಬಫರು, ನಡುವೆ ತಿರುಪಿನ ಕೊಂಡಿ. ಮೀಟರ್ ಗೇಜಿನಲ್ಲಿ ನಟ್ಟನಡುವೆ ಒಂದೇ ಬಫರು, ಕೊಂಡಿಯೂ ಅಲ್ಲೇ. ಎರಡರಲ್ಲಿ ಯಾವುದಾದರೂ ಮನುಷ್ಯ ಬಂಡಿಗಳ ನಡುವೆ ನುಗ್ಗಿ ಕೈಯಿಂದಲೇ ಜೋಡಿಸಬೇಕಾದ ಕೆಲಸ. ಡ್ರೈವರ್ ಒಂದು ಅಂಗುಲ ಹೆಚ್ಚು ತಳ್ಳಿದರೆ ಕೆಳಗಿದ್ದವನ ಕೈಗೆ, ಎದೆಗೆ ಅಪಾಯ. ಮೇಲಿರುವವನ ಕೈಯ ಹದದ ಮೇಲೆ ಕೆಳಗಿರುವವನ ಜೀವ ನಿಂತಿತ್ತು.

ಉಗಿಯ ಹದವಂತೂ ಇನ್ನೂ ಸೂಕ್ಷ್ಮ. ದೂರ ಓಡುವ ಗಾಡಿಯಲ್ಲಿ ಫೈರ್‌ಮನ್ ಒಂದೇ ಲಯದಲ್ಲಿ ಕಲ್ಲಿದ್ದಲು ಹಾಕುತ್ತ ಹೋಗಬಹುದು. ಯಾರ್ಡಿನಲ್ಲಿ ಐದು ನಿಮಿಷ ಭಾರಿ ಎಳೆತ, ಹತ್ತು ನಿಮಿಷ ಸುಮ್ಮನೆ ನಿಲ್ಲುವುದು. ಬೆಂಕಿ ಹೆಚ್ಚಾದರೆ ಉಗಿ ಸೇಫ್ಟಿ ವಾಲ್ವಿನಿಂದ ಹಾರಿ ಹೋಗಿ ಕಲ್ಲಿದ್ದಲು ದಂಡ. ಕಡಿಮೆಯಾದರೆ ಬೇಕಾದಾಗ ಉಗಿ ಇಲ್ಲ. ಮೇಲಾಗಿ ಎಂಜಿನ್ ಕುಲುಕಿದಾಗಲೆಲ್ಲ ಬಾಯ್ಲರಿನ ನೀರು ತುಳುಕಿ ಗಾಜಿನ ನಳಿಗೆಯಲ್ಲಿ ಮಟ್ಟ ಏರಿಳಿಯುತ್ತದೆ. ನಿಜವಾದ ಮಟ್ಟ ಎಷ್ಟೆಂದು ಅಂದಾಜು ಮಾಡಬೇಕು. ಬೆಂಕಿಗೂಡಿನ ನೆತ್ತಿ ನೀರಿನಿಂದ ಹೊರಬಿದ್ದರೆ ಬಾಯ್ಲರೇ ಒಡೆಯುವ ಅಪಾಯ.

ಡ್ರೈವರುಗಳ ಪಾಠಶಾಲೆ

ಶಂಟಿಂಗ್ ಎಂಜಿನ್ನಿನ ನಿಜವಾದ ಮಹತ್ವ ಇಲ್ಲಿದೆ. ಉಗಿಯ ಕಾಲದಲ್ಲಿ ಲೋಕೋ ಶೆಡ್ಡಿಗೆ ಸೇರಿದ ಹುಡುಗ ನೇರವಾಗಿ ಡ್ರೈವರ್ ಆಗುತ್ತಿರಲಿಲ್ಲ. ಮೊದಲು ಕ್ಲೀನರ್ ಆಗಿ ಎಂಜಿನ್ನಿನ ಮಸಿ ಒರೆಸಬೇಕು. ಆಮೇಲೆ ಎರಡನೇ ಫೈರ್‌ಮನ್, ನಂತರ ಮೊದಲನೇ ಫೈರ್‌ಮನ್. ಅದಾದ ಮೇಲೆ ಸಿಗುತ್ತಿದ್ದ ಹುದ್ದೆಯ ಹೆಸರೇ ‘ಶಂಟರ್’. ಯಾರ್ಡಿನೊಳಗೆ ಮಾತ್ರ ಎಂಜಿನ್ ನಡೆಸುವ ಅಧಿಕಾರ ಅದು. ಅಲ್ಲಿ ಪಳಗಿದ ಮೇಲೆ ಗೂಡ್ಸ್ ಗಾಡಿ, ಆಮೇಲೆ ಪ್ಯಾಸೆಂಜರ್, ಕಟ್ಟಕಡೆಗೆ ಮೇಲ್.

ಹೆಗಲ ಮೇಲೆ ನೂರಾರು ಪ್ರಯಾಣಿಕರ ಹೊಣೆ ಬೀಳುವ ಮೊದಲು ಕೈ ಹದವಾಗುತ್ತಿದ್ದದ್ದು ಶಂಟಿಂಗ್ ಎಂಜಿನ್ನಿನ ಮೇಲೆ. ಎಷ್ಟು ಉಗಿ ಬಿಟ್ಟರೆ ಎಷ್ಟು ಭಾರ ಕದಲುತ್ತದೆ, ಮಳೆಯಲ್ಲಿ ತೊಯ್ದ ಹಳಿಯ ಮೇಲೆ ಚಕ್ರ ಯಾವಾಗ ಜಾರುತ್ತದೆ, ಬ್ರೇಕು ಹಿಡಿಯಲು ಎಷ್ಟು ಹೊತ್ತು ಬೇಕು ಎಂಬುದನ್ನು ಪುಸ್ತಕದಿಂದ ಕಲಿಯಲಾಗದು. ಮೇಲ್ ಡ್ರೈವರನೊಬ್ಬ ನಿಲ್ದಾಣದಲ್ಲಿ ಗಾಡಿಯನ್ನು ಕುಲುಕದೆ ನಿಲ್ಲಿಸಿದರೆ, ಆ ನಯ ಅವನಿಗೆ ಬಂದದ್ದು ಯಾರ್ಡಿನ ಹಿಂದೆ ಮುಂದೆ ಓಡಾಟದಿಂದ. ಆ ಏಣಿಯ ಮೆಟ್ಟಿಲು ಇನ್ನೂ ಹೋಗಿಲ್ಲ. ಇಂದಿನ ರೈಲ್ವೆಯಲ್ಲೂ ಸಹಾಯಕ ಲೋಕೋ ಪೈಲಟ್ ಆದವರು ಗೂಡ್ಸ್ ಗಾಡಿಗೆ ಹೋಗುವ ಮುನ್ನ ‘ಲೋಕೋ ಪೈಲಟ್ ಶಂಟಿಂಗ್’ ಎಂಬ ಹಂತವಿದೆ. ಎಂಜಿನ್ ಬದಲಾಯಿತು, ಮೆಟ್ಟಿಲು ಉಳಿಯಿತು.

ಹೋದದ್ದು ಹೇಗೆ?

ಭಾರತದಲ್ಲಿ ವೈಪಿ ವರ್ಗದ 871 ಎಂಜಿನ್ನುಗಳೂ ವೈಜಿ ವರ್ಗದ 1074 ಎಂಜಿನ್ನುಗಳೂ ಓಡಿದವು. ಮೀಟರ್ ಗೇಜಿಗೆ ತಯಾರಾದ ಕೊನೆಯ ಉಗಿಯೆಂಜಿನ್ ಚಿತ್ತರಂಜನ್ ಕಾರ್ಖಾನೆಯಿಂದ 1972ರಲ್ಲಿ ಹೊರಬಂತು. ಅಷ್ಟರಲ್ಲಾಗಲೇ ವೈಡಿಎಂ-4 ಡೀಸೆಲ್ ಎಂಜಿನ್ನುಗಳು ಮೀಟರ್ ಗೇಜಿಗೆ ಕಾಲಿಟ್ಟಿದ್ದವು. ಡೀಸೆಲ್ ಎಂಜಿನ್ನಿಗೆ ಬೆಳಿಗ್ಗೆ ಬೆಂಕಿ ಹೊತ್ತಿಸಿ ಗಂಟೆಗಟ್ಟಲೆ ಕಾಯಬೇಕಿಲ್ಲ, ಕೆಲಸವಿಲ್ಲದಾಗ ಆರಿಸಿಡಬಹುದು. ಅರ್ಧ ದಿನ ಸುಮ್ಮನೆ ನಿಲ್ಲುವ ಶಂಟಿಂಗ್ ಕೆಲಸದಲ್ಲಿ ಇದು ದೊಡ್ಡ ಉಳಿತಾಯ.

1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೋಜನೆ ಬಂತು. 1990ರ ದಶಕದಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗವೂ ಬ್ರಾಡ್ ಗೇಜ್ ಆಯಿತು. ತುಮಕೂರು, ಗುಬ್ಬಿ, ತಿಪಟೂರುಗಳ ಮೀಟರ್ ಗೇಜ್ ಹಳಿ ಕಿತ್ತುಹೋಯಿತು. ಗೇಜ್ ಬದಲಾವಣೆಯಿಂದ ಮೂಟೆ ಇಳಿಸಿ ಏರಿಸುವ ಕಷ್ಟ ತಪ್ಪಿತು. ಅದು ಜನರಿಗೆ ಒಳ್ಳೆಯದೇ. ಆದರೆ ಅದರೊಂದಿಗೆ ಮೀಟರ್ ಗೇಜಿನ ಎಂಜಿನ್ನುಗಳಿಗೆ ನಿಲ್ಲಲೂ ನೆಲೆ ಇಲ್ಲವಾಯಿತು. ಒಂದೊಂದೇ ವ್ಯಾಗನ್ ಸಾಗಿಸುವ ಪದ್ಧತಿಯೂ ಕ್ರಮೇಣ ನಿಂತು, ಇಡೀ ಗಾಡಿಗೆ ಗಾಡಿಯೇ ಒಂದೇ ಸರಕು ಹೊತ್ತು ಒಂದೇ ಊರಿಗೆ ಹೋಗುವ ಪದ್ಧತಿ ಬಂದಾಗ ಚಿಕ್ಕ ಗೂಡ್ಸ್ ಶೆಡ್ಡುಗಳು ಪಾಳುಬಿದ್ದವು. 2023ರಲ್ಲಿ ತುಮಕೂರಿನ ಮೇಲೆ ಧಾರವಾಡಕ್ಕೆ ಓಡತೊಡಗಿದ ವಂದೇ ಭಾರತ್ ಗಾಡಿಗೆ ಎರಡು ತುದಿಯಲ್ಲೂ ಚಾಲಕನ ಕೋಣೆಯಿದೆ. 1884ರ ಗುಬ್ಬಿಯ ಕಷ್ಟ, ಎಂಜಿನ್ನನ್ನು ಬಳಸಿ ತಂದು ಇನ್ನೊಂದು ತುದಿಗೆ ಕಟ್ಟುವ ಕಷ್ಟ, ಅದಕ್ಕೆ ಇಲ್ಲವೇ ಇಲ್ಲ.

ಅಲ್ಲಿ ಉಳಿದವು, ಇಲ್ಲಿ ಉಳಿಯಲಿಲ್ಲ

ಬ್ರಿಟನ್ನಿನಲ್ಲಿ ನಡೆದದ್ದು ಇದಕ್ಕೆ ತೀರ ಬೇರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಎಸ್-100 ಎಂಬ ವರ್ಗದ 382 ಶಂಟಿಂಗ್ ಟ್ಯಾಂಕ್ ಎಂಜಿನ್ನುಗಳನ್ನು ಮಾಡಿಸಿತು. ಯುದ್ಧ ಮುಗಿದ ಮೇಲೆ ಅವು ಹಲವು ದೇಶಗಳಿಗೆ ಹಂಚಿಹೋದವು. ಬ್ರಿಟನ್ನಿನ ಸದರ್ನ್ ರೈಲ್ವೆ 15ನ್ನು ಕೊಂಡು ಸೌತಾಂಪ್ಟನ್ ಬಂದರಿನಲ್ಲಿ ದುಡಿಸಿತು. ಅವುಗಳಲ್ಲಿ 4 ಇಂದಿಗೂ ಉಳಿದಿವೆ. ಅಷ್ಟು ಸಾಲದೆ, ಅದೇ ಮಾದರಿಯಲ್ಲಿ ಯುಗೊಸ್ಲಾವಿಯದಲ್ಲಿ ತಯಾರಾದ ಎಂಜಿನ್ನುಗಳನ್ನೂ ಅಲ್ಲಿನ ಆಸಕ್ತರು ತರಿಸಿಕೊಂಡರು. ಯುದ್ಧಕಾಲದಲ್ಲಿ ಬ್ರಿಟನ್ ತಾನೇ ಮಾಡಿಸತೊಡಗಿದ ‘ಆಸ್ಟೆರಿಟಿ’ ಎಂಬ ಶಂಟಿಂಗ್ ಎಂಜಿನ್ನುಗಳು ಯುದ್ಧಾನಂತರ ತಯಾರಾದವೂ ಸೇರಿ ಒಟ್ಟು 485. ಅವುಗಳಲ್ಲಿ ಸುಮಾರು 70 ಉಳಿದುಕೊಂಡಿವೆ.

ಕಾರಣ ಸರಳ. ಚಿಕ್ಕ ಎಂಜಿನ್ ಅಗ್ಗ, ಕಲ್ಲಿದ್ದಲು ಕಡಿಮೆ ತಿನ್ನುತ್ತದೆ, ರಿಪೇರಿ ಸುಲಭ. ಆಸಕ್ತರು ನಡೆಸುವ ಐದಾರು ಮೈಲಿಯ ಹಳೆಯ ದಾರಿಗೆ ಅದು ಹೇಳಿ ಮಾಡಿಸಿದ್ದು. ಎಲ್ಲಕ್ಕಿಂತ ಮುಖ್ಯ, ಅದರ ಚಕ್ರಕ್ಕೆ ಹೊಂದುವ ಗೇಜಿನ ಹಳಿ ಅಲ್ಲಿ ಇನ್ನೂ ಇದೆ.

ಕರ್ನಾಟಕದಲ್ಲಿ ಹಳಿಯೇ ಹೋಯಿತು. ಓಡಲು ಜಾಗವಿಲ್ಲದ ಎಂಜಿನ್ನಿಗೆ ಮ್ಯೂಸಿಯಂ ಒಂದೇ ಗತಿ. ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಲ್ಲೇ ಆರಂಭವಾದದ್ದು ಪುಣ್ಯ. ಅಲ್ಲಿ ಜನ ಮುತ್ತಿಕೊಳ್ಳುವುದು ರಾಜಮನೆತನದ ಸಲೂನನ್ನು. ಆದರೆ ಅದೇ ಆವರಣದಲ್ಲಿ ಟಿಎಸ್ ವರ್ಗದ ಮೀಟರ್ ಗೇಜ್ ಟ್ಯಾಂಕ್ ಎಂಜಿನ್ ಒಂದಿದೆ. ಮುಂದೆ 2, ನಡುವೆ ಎಳೆಯುವ 6, ಹಿಂದೆ 2 ಹೀಗೆ ಅದರ ಚಕ್ರಗಳ ಜೋಡಣೆ. ಹಿಂದಕ್ಕೂ ಮುಂದಕ್ಕೂ ಒಂದೇ ಸಮ ಓಡಬಲ್ಲ ಇಂಥ ಎಂಜಿನ್ ಕಿರುದಾರಿಗೂ ಯಾರ್ಡಿಗೂ ಒಗ್ಗುವಂಥದ್ದು. ಮಗ್ಗುಲ ತೊಟ್ಟಿ, ಗಿಡ್ಡ ಮೈಕಟ್ಟು ಎಲ್ಲವನ್ನೂ ಅದರಲ್ಲಿ ಕಣ್ಣಾರೆ ನೋಡಬಹುದು. ಮೀಟರ್ ಗೇಜಿನ ಮೇಲೆ ಉಗಿ ಉಸಿರಾಡುವುದನ್ನು ನೋಡಬೇಕಾದರೆ ಮಾತ್ರ ಗಡಿ ದಾಟಿ ನೀಲಗಿರಿಗೆ ಹೋಗಬೇಕು. 2005ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿದ ಆ ಬೆಟ್ಟದ ರೈಲು ಉಳಿದದ್ದು ಅದರ ಹಳಿಯನ್ನು ಕೀಳದೆ ಬಿಟ್ಟಿದ್ದರಿಂದಲೇ.

ಕಬ್ಬಿಣವನ್ನು ಬಣ್ಣ ಬಳಿದು ಕಾಪಾಡಬಹುದು. ಕಾಪಾಡಲು ಕಷ್ಟವಾದದ್ದು ಕೈಯ ಹದ. 1990ರಲ್ಲಿ 25ರ ಹರೆಯದ ಫೈರ್‌ಮನ್ ಆಗಿದ್ದವರಿಗೆ 2025ಕ್ಕೆ 60 ತುಂಬಿತು. ಉಗಿಯ ಯಾರ್ಡಿನಲ್ಲಿ ದುಡಿದವರಲ್ಲಿ ಅವರೇ ಕಿರಿಯರು. ಶಂಟರ್ ಆಗಿ ಎಂಜಿನ್ ನಡೆಸಿದವರು ಅವರಿಗಿಂತ ಹಿರಿಯರು. ನಳಿಗೆಯಲ್ಲಿ ತುಳುಕುವ ನೀರನ್ನು ನೋಡಿ ನಿಜವಾದ ಮಟ್ಟ ಹೇಳುವುದು ಹೇಗೆ, ಕೆಳಗಿರುವವನ ಕೈಗೆ ತಾಗದಂತೆ ಎಂಜಿನ್ ತಂದು ನಿಲ್ಲಿಸುವುದು ಹೇಗೆ ಎಂಬುದನ್ನು ಮ್ಯೂಸಿಯಮ್ಮಿನ ಫಲಕ ಹೇಳಲಾರದು. ಅರಸೀಕೆರೆ, ತುಮಕೂರು, ಬೆಂಗಳೂರು, ಮೈಸೂರುಗಳ ರೈಲ್ವೆ ಬಡಾವಣೆಗಳಲ್ಲಿ ಅಂಥವರು ಇರುವಾಗಲೇ ಅವರ ಮಾತನ್ನು ಧ್ವನಿಮುದ್ರಿಸಿ, ಬರೆದಿಡುವುದಕ್ಕೆ ಹೊಸ ಹಳಿಯೂ ಬೇಡ, ಕಲ್ಲಿದ್ದಲೂ ಬೇಡ. ಒಂದು ಧ್ವನಿಮುದ್ರಕ, ಕೇಳುವ ತಾಳ್ಮೆ ಇಷ್ಟು ಸಾಕು. ಅದಾದರೆ ಮೈಸೂರಿನ ಆ ಟ್ಯಾಂಕ್ ಎಂಜಿನ್ನಿನ ಮುಂದೆ ನಿಂತ ಮಗುವೊಂದು ‘ಇದು ಏನು ಮಾಡುತ್ತಿತ್ತು?’ ಎಂದು ಕೇಳಿದಾಗ ಉತ್ತರ ಕೊಡಲು ಯಾರಾದರೂ ಇರುತ್ತಾರೆ.